ಆರಿಸಲ್ಪಟ್ಟ ಹುಡುಗ

ಮೊನ್ನೆ ಗಾಂಧಿ ಚೌಕದ ಚಹಾದಂಗಡಿಯಲ್ಲಿ ತಿಕೋಟಾ ಕಡೆಯ ಹಿರಿಯರೊಬ್ಬರು ಗಂಟುಬಿದ್ದರು. ಮೊಮ್ಮಗನನ್ನು ಕ್ರೀಡಾ ನಿಲಯದ ಆಯ್ಕೆಗೆ ಕರೆತಂದಿದ್ದರಂತೆ. “ಎತ್ತರ ಅಳದ್ರು, ಓಡಿಸಿದ್ರು. ಈ ವರ್ಷ ಐದನೇತ್ತೆ ಇವಾ. ಆರಿಸಿದ್ರ ಊಟ, ವಸ್ತಿ, ಸಾಲಿ ಎಲ್ಲಾ ಸರಕಾರದ್ದೇ ಐತ್ರೀ” ಎಂದರು. ಎರಡು ವರ್ಷದ ಮೇಲೆ ಸಾಕೆಂದು ಕಳಿಸಿಬಿಟ್ಟರೆ ಎಂದು ಕೇಳಿದೆ. “ಅದನ್ನ ನಾ ಕೇಳಲೇ ಇಲ್ರೀ.” ಹುಡುಗನ ಲಕ್ಷ್ಯವೆಲ್ಲ, ಚಹಾದಲ್ಲಿ ಅದ್ದಿದ ಬಿಸ್ಕೀಟು ಮುರಿದು ಬೀಳುವ ಮೊದಲು ಬಾಯಿಗೆ ಹಾಕಿಕೊಳ್ಳುವುದರಲ್ಲಿತ್ತು.

ಮನೆಗೆ ಬಂದು ಸೌಮೇಂದ್ರ ಪಾಢಿಯವರು ದಿಗ್ದರ್ಶಿಸಿದ ‘ಬುಧಿಯಾ ಸಿಂಗ್: ಬಾರ್ನ್ ಟು ರನ್’ (2016) ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಕಥೆ ನಡೆದದ್ದೇ. ತಾಯಿ 800 ರೂಪಾಯಿಗೆ ಮಾರಿದ್ದಳೆಂದು ವರದಿಯಾದ ಓಡಿಶಾದ ಕೂಸನ್ನು ಭುವನೇಶ್ವರದ ಜೂಡೋ ಶಿಕ್ಷಕ ಬಿರಂಚಿ ದಾಸ್ ಸಾಕಿದರು. ಬೈಗುಳಕ್ಕೆ ಶಿಕ್ಷೆಯೆಂದು ಓಡಲು ಹೇಳಿ ಮರೆತುಹೋದರೆ, ಗಂಟೆಗಳ ತರುವಾಯವೂ ಅವನು ಓಡುತ್ತಲೇ ಇದ್ದನಂತೆ. 2006ರ ಮೇ 2ರಂದು, ನಾಲ್ಕರ ಆ ಬಾಲಕ ಪುರಿಯಿಂದ ಭುವನೇಶ್ವರದತ್ತ 65 ಕಿಲೋಮೀಟರು ಓಡಿ ಕುಸಿದ. 2007ರಲ್ಲಿ ಅವನನ್ನು ಸರಕಾರಿ ಕ್ರೀಡಾ ನಿಲಯಕ್ಕೆ ಸೇರಿಸಲಾಯಿತು. 2008ರಲ್ಲಿ ದಾಸ್ ಗುಂಡೇಟಿಗೆ ಬಲಿಯಾದರು.

ಚಿತ್ರದಲ್ಲಿ ಗುಣವಿಲ್ಲವೆಂದಲ್ಲ. ಮನೋಜ್ ಬಾಜಪೇಯಿಯವರ ಬಿರಂಚಿಯಲ್ಲಿ ವಾತ್ಸಲ್ಯವೂ ಹಟವೂ ಬಿಡಿಸಲಾರದಂತೆ ಹೆಣೆದುಕೊಂಡಿವೆ. ಮಯೂರ್ ಪಟೋಲೆ ಎಂಬ ಬಾಲನಟನ ಕಣ್ಣು ಮರೆಯುವಂತಹದಲ್ಲ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂದಿದೆ. (ಮಕ್ಕಳಿಗೆ ತೋರಿಸತಕ್ಕದ್ದೋ, ಮಕ್ಕಳ ಮೇಲೆ ಬಾಜಿ ಕಟ್ಟುವ ದೊಡ್ಡವರಿಗೋ ಎಂದು ನನಗೆ ಅನುಮಾನ.) ಆದರೆ ಗುರು ದೇವರೋ ದುಷ್ಟನೋ ಎಂಬ ವ್ಯಾಜ್ಯದಲ್ಲೇ ಚಿತ್ರ ಕರಗುತ್ತದೆ. ಒಂದು ಕಡೆ ಬಿರಂಚಿ, ಇನ್ನೊಂದು ಕಡೆ ಮಕ್ಕಳ ಕಲ್ಯಾಣದ ಅಧಿಕಾರಿಗಳು. ಹುಡುಗ ನಡುವಿನ ದಾವೆಯ ಆಸ್ತಿ. ಅವನು ಬಿದ್ದಾಗಲೂ ನನ್ನ ಕಣ್ಣು ಗುರುವಿನ ಮುಖವನ್ನೇ ಹುಡುಕಿತು. ಅದು ನಟನ ಗೆಲುವು, ದಿಗ್ದರ್ಶಕರ ಸೋಲು.

ದಾಸ್ ಒಳ್ಳೆಯವರೇ ಇರಬಹುದು. ಒಳ್ಳೆಯ ಮನಸ್ಸಿನಿಂದ ಆರಿಸಿದರೂ ಮಗು ಒಲ್ಲೆನೆನ್ನಲಾರದು ಎಂಬುದೇ ತೊಡಕು. ನಮ್ಮಲ್ಲಿಯೂ ಇದಕ್ಕೆ ನಿದರ್ಶನವುಂಟು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು, ಪೂರ್ವಜರು ಆಫ್ರಿಕದವರೆಂಬ ಎಣಿಕೆಯಿಂದ, ಓಟಕ್ಕಾಗಿ ಆರಿಸಿತು. ಕಮಲಾ ಸಿದ್ದಿಯವರಂಥವರು ಹೆಸರು ಮಾಡಿದರು. 1993ರಲ್ಲಿ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಊರ ಹಾದಿ ಹಿಡಿದರು. ಹೊಲ ಮನೆಗಳ ಕೆಲಸವನ್ನೂ ಕಲಿಯದೆ, ಓಟವನ್ನೂ ಮುಗಿಸದೆ ಹಿಂದಿರುಗಿದ ಮಗುವಿನ ಮೊದಲ ರಾತ್ರಿ ಹೇಗಿದ್ದೀತು? ಆ ರಾತ್ರಿಯನ್ನು ತೋರಿಸುವ ಚಿತ್ರವನ್ನು ನಾನಿನ್ನೂ ನೋಡಿಲ್ಲ.

ಜೆಮ್ಮಾ ಅಟ್ವಾಲ್ ಅವರ ‘ಮ್ಯಾರಥಾನ್ ಬಾಯ್’ (2010) ಎಂಬ ಸಾಕ್ಷ್ಯಚಿತ್ರ ಅದರ ಹತ್ತಿರ ಬರುತ್ತದೆ. ವರ್ಷಗಟ್ಟಲೆ ಬುಧಿಯಾನ ಬೆನ್ನು ಹತ್ತಿದ್ದರಿಂದ ಅದರಲ್ಲಿ ಹುಡುಗ ಬೆಳೆಯುವುದು ಕಾಣುತ್ತದೆ. ಎರಡರಲ್ಲಿ ಒಂದನ್ನೇ ನೋಡುವಷ್ಟು ಪುರಸೊತ್ತಿದ್ದವರು ಅದನ್ನೇ ನೋಡಲಿ. ತಿಕೋಟಾದ ಆ ಹಿರಿಯರಿಗೂ ಹೇಳುತ್ತಿದ್ದೆ. ಅಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿತ್ತು.