ಗೋಡೆ ಯಾರದು, ಪುಟ ಯಾರದು?

ಆದಿವಾಸಿ ಕಲೆಗೆ ಪ್ರೋತ್ಸಾಹ ಕೊಡಬೇಕು ಅಂತ ವೇದಿಕೆ ಮೇಲೆ ಭಾಷಣ ಮಾಡುವವರಿಗೆ ಬರವಿಲ್ಲ. ಕುಣಿಸ್ತಾರೆ, ಶಾಲು ಹೊದಿಸ್ತಾರೆ, ಕಳಿಸಿಬಿಡ್ತಾರೆ. ಏನು ಬರೆಯಬೇಕು, ಹೇಗೆ ಬರೆಯಬೇಕು ಎಂಬ ತೀರ್ಮಾನ ಯಾರ ಕೈಯಲ್ಲಿದೆ ಅಂತ ಕೇಳಿದರೆ ಮಾತ್ರ ಸುಮ್ಮನಾಗ್ತಾರೆ. ಮಧ್ಯಪ್ರದೇಶದ ಗೊಂಡ ಕಲಾವಿದರನ್ನು, ಅವರು ಚಿತ್ರ ಬರೆದ 'ಭೀಮಾಯಣ'ವನ್ನು ಈ ಪ್ರಶ್ನೆ ಇಟ್ಟುಕೊಂಡೇ ನಾವು ನೋಡಬೇಕಾಗಿದೆ.

ಪರಧಾನರು ಗೊಂಡರ ಹಾಡುಗಾರರು. ಬಾನಾ ಎಂಬ ತಂತಿವಾದ್ಯ ನುಡಿಸಿ, ಗೊಂಡ ಮನೆತನಗಳ ಕತೆ, ದೇವರ ಕತೆ ಹಾಡಿ, ಅವರು ಕೊಟ್ಟದ್ದರಲ್ಲಿ ಬದುಕಿದವರು. ನಮ್ಮ ಕೇರಿಯ ತಮಟೆಗೂ ಊರು ಕಾಳು ಕೊಟ್ಟಿದೆ. ಯಾವಾಗ ಬಡೀಬೇಕು ಅಂತಲೂ ಊರೇ ಹೇಳಿದೆ. ಪಾಟನ್‌ಗಢದ ಜನಗಢ ಸಿಂಗ್ ಶ್ಯಾಮ್ ಆ ಪರಧಾನರ ಹುಡುಗ. ಗೋಡೆಯ ಮೇಲೆ ಅವನು ಬರೆದ ಚಿತ್ರ ಕಂಡು ಕಲಾವಿದ ಜೆ. ಸ್ವಾಮಿನಾಥನ್ ಕಡೆಯವರು ಭೋಪಾಲಕ್ಕೆ ಕರೆತಂದರು. 1982ರಲ್ಲಿ ಆರಂಭವಾದ ಭಾರತ ಭವನದಲ್ಲಿ ಸ್ವಾಮಿನಾಥನ್ ಆದಿವಾಸಿಗಳ ಚಿತ್ರವನ್ನೂ ಪಟ್ಟಣದವರ ಚಿತ್ರವನ್ನೂ ಒಂದೇ ಸೂರಿನಡಿ ಇಟ್ಟರು. ಅದು ಸಣ್ಣ ಕೆಲಸವಲ್ಲ. ಆದರೆ ಇಪ್ಪತ್ತರ ಆಸುಪಾಸಿನ ಆ ಹುಡುಗ ಅದಕ್ಕಿಂತ ದೊಡ್ಡ ಕೆಲಸ ಮಾಡಿದ. ಹಾಡಿನಲ್ಲಿದ್ದ ದೇವರುಗಳಿಗೆ ಕಾಗದದ ಮೇಲೆ ಮೈ ಕೊಟ್ಟ. ಊರಿನ ನೆಂಟರಿಷ್ಟರನ್ನು ಕರೆಸಿ ಕೈಗೆ ಕುಂಚ ಕೊಟ್ಟ. ಯಾರೂ ಕೊಡದ ನಾಯಕತ್ವ ಅದು, ತಾನೇ ತಗೊಂಡದ್ದು. 1989ರಲ್ಲಿ ಅವನ ಚಿತ್ರ ಪ್ಯಾರಿಸ್ಸಿಗೂ ಹೋಯಿತು. 2001ರಲ್ಲಿ ಜಪಾನಿನ ಮ್ಯೂಸಿಯಮ್ಮೊಂದಕ್ಕೆ ಚಿತ್ರ ಬರೆಯಲು ಹೋದವನು ಅಲ್ಲೇ ತನ್ನ ಜೀವ ತಾನೇ ತೆಗೆದುಕೊಂಡ. ಬರಿಯ ಮೆಚ್ಚುಗೆ ಮನುಷ್ಯನ ಬೆನ್ನಿಗೆ ನಿಲ್ಲುವುದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕೆ?

ಇನ್ನು 'ಭೀಮಾಯಣ'. 2011ರಲ್ಲಿ ಬಂದ ಪುಸ್ತಕ. ಚಿತ್ರ ಬರೆದವರು ಜನಗಢನ ಬಳಗದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿ. ನೀರಿಗಾಗಿ, ಸೂರಿಗಾಗಿ, ಪ್ರಯಾಣದಲ್ಲಿ ಬಾಬಾಸಾಹೇಬರು ಉಂಡ ಅವಮಾನದ ಕತೆ ಅದು. ಚಿತ್ರಕತೆ ಅಂದರೆ ಸಾಲಾಗಿ ಚೌಕಗಳು ತಾನೆ? ಇವರು ಒಪ್ಪಲಿಲ್ಲ. ಚೌಕದೊಳಗೆ ತುರುಕಿದರೆ ಪಾತ್ರಗಳಿಗೆ ಉಸಿರು ಕಟ್ತದೆ ಅಂದರು. ಅವರ ಮಾತೇ ನಡೆಯಿತು. ತಮ್ಮ ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ಗೆರೆಗಳಿಂದಲೇ ಪುಟವನ್ನು ಬಿಡಿಸಿದರು. ಮೆತ್ತನೆಯ ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷ ತುಂಬಿದ ಮಾತಿಗೆ ಚೇಳಿನ ಕೊಂಡಿ. ಕೇರಿಯಲ್ಲಿ ಹುಟ್ಟಿದವರಿಗೆ ಆ ಕೊಂಡಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಇದೇ ಕೊನೆಯಲ್ಲ. ಕತೆಯ ಮಾತು ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್. ಗೆರೆ ಗೊಂಡರದು, ಅಕ್ಷರ ಬೇರೆಯವರದು. ದುರ್ಗಾಬಾಯಿಗೆ 2022ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಆದರೆ ಅಕ್ಷರವೂ, ಅಚ್ಚುಮನೆಯೂ, ಲೆಕ್ಕದ ಪುಸ್ತಕವೂ ಆ ಜನರ ಮಕ್ಕಳ ಕೈಗೆ ಬರುವವರೆಗೆ ಪ್ರಶಸ್ತಿಯೂ ಒಂದು ಶಾಲೇ.

ಮೇಷ್ಟ್ರುಗಳೆ, ಸಂಗಾತಿಗಳೆ, ನಿಮ್ಮ ಶಾಲೆಯ ಗೋಡೆ ಮೇಲೆ ಚಿತ್ರ ಬರೆಯಲು ಹಾಡಿಯ ಹುಡುಗಿ ಬಂದರೆ ವಿಷಯ ನೀವು ಕೊಡಬೇಡಿ, ಗೋಡೆ ಬಿಟ್ಟುಕೊಡಿ. ಕೂಲಿ ಇಷ್ಟು ಅಂದರೆ ಚೌಕಾಸಿ ಮಾಡಬೇಡಿ. ಮುಂದಿನ ಮೇಳದ ಸಮಿತಿಯಲ್ಲಿ ಅವಳಿಗೊಂದು ಕುರ್ಚಿ ಹಾಕಿ. ಯಾರನ್ನು ಕರೆಸಬೇಕು ಅಂತ ಅವಳೇ ಹೇಳಲಿ.