ಚೌಕದ ಚೆಲುವು, ಚಿತ್ರದ ಸುಳ್ಳು

ಪೋಲೆಂಡಿನಲ್ಲಿ ವಿಸ್ತುಲಾ ನದಿಯ ದಂಡೆಯ ಗುಡ್ಡದ ಮೇಲೆ ಸಾಂದೊಮಿಯೆಶ್ ಎಂಬ ಪುಟ್ಟ ಊರಿದೆ. 1286ರಲ್ಲಿ ನಗರದ ಹಕ್ಕು ಪಡೆದ ಊರು. ಅದರ ಹಳೆಯ ಪೇಟೆ ಚೌಕ ಇಳಿಜಾರು. ನಡುವೆ ಇಟ್ಟಿಗೆಯ ಪುರಭವನ, ಸುತ್ತ ವರ್ತಕರ ಮನೆಗಳು, ಅವುಗಳಡಿಯಲ್ಲಿ ಸರಕು ಕೂಡಿಡುತ್ತಿದ್ದ ನೆಲಮಾಳಿಗೆಗಳು. ಈಗ ಆ ನೆಲಮಾಳಿಗೆಗಳನ್ನು ಜೋಡಿಸಿ ಪ್ರವಾಸಿಗಳಿಗೆ ದಾರಿ ಮಾಡಿದ್ದಾರೆ. ಚೌಕದ ಚೆಲುವಿನ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅಷ್ಟನ್ನೇ ನೋಡಿ ಬಂದವರು ಊರನ್ನು ನೋಡಿದಂತಾಗುವುದಿಲ್ಲ.

1570ರಲ್ಲಿ ಇದೇ ಊರಿನಲ್ಲಿ ಮೂರು ಪ್ರೊಟೆಸ್ಟಂಟ್ ಪಂಗಡಗಳು ಕೂಡಿ ಕುಳಿತು ಪರಸ್ಪರ ಒಪ್ಪಂದ ಮಾಡಿಕೊಂಡವು. ಇದೇ ಊರಿನಲ್ಲಿ 1698ರಲ್ಲಿ ಮತ್ತು 1710ರಲ್ಲಿ ಮಕ್ಕಳ ಸಾವಿನ ಹೊಣೆಯನ್ನು ಯಹೂದಿಗಳ ತಲೆಗೆ ಕಟ್ಟಲಾಯಿತು. ರಕ್ತಕ್ಕಾಗಿ ಕ್ರೈಸ್ತ ಮಕ್ಕಳನ್ನು ಕೊಲ್ಲುತ್ತಾರೆಂಬುದು ಆರೋಪ. ಸ್ಟೆಫಾನ್ ಜುಖೋವ್‌ಸ್ಕಿ ಎಂಬ ಪಾದ್ರಿ ಮುಂದೆ ನಿಂತು ಮೊಕದ್ದಮೆ ನಡೆಸಿದ. ಕಾರೊಲ್ ದ ಪ್ರೆವೊ ಎಂಬ ಚಿತ್ರಕಾರ ಅದನ್ನೇ ಬಿಡಿಸಿದ. ಆ ಚಿತ್ರ ಚೌಕದಿಂದ ಸ್ವಲ್ಪ ದೂರದ ಕೆಥೆಡ್ರಲ್‌ನಲ್ಲಿ ಇಂದಿಗೂ ಇದೆ.

ಚಿತ್ರದಲ್ಲಿ ಮೊಳೆ ಹೊಡೆದ ಪೀಪಾಯಿ ಇದೆ, ಮಗುವಿನ ದೇಹಕ್ಕೆ ಬಾಯಿ ಹಾಕಿದ ನಾಯಿ ಇದೆ. ಕತೆ ಬರೆಯುವ ನಮಗೆ ಹೆದರಿಕೆ ಹುಟ್ಟಿಸಿದ್ದು ಇದೇ. ನಂಬಿಸಲು ನಾವು ಬಳಸುವುದೂ ಇಂಥ ಸಣ್ಣ ವಿವರಗಳನ್ನೇ. ರಕ್ತ ನಮಗೆ ಹರಾಮ್ ಆದಂತೆ ಯಹೂದಿಗಳ ಧರ್ಮದಲ್ಲೂ ನಿಷಿದ್ಧ. ಆದರೆ ಪೀಪಾಯಿಯನ್ನು ಕಣ್ಣಾರೆ ಕಂಡವನಿಗೆ ಶಾಸ್ತ್ರ ಯಾಕೆ ಬೇಕು? ವದಂತಿಯ ಪೆಟ್ಟು ತಿಂದ ಸಮುದಾಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2006ರಲ್ಲಿ ಚಿತ್ರಕ್ಕೆ ಪರದೆ ಹಾಕಿದರು. 2014ರಲ್ಲಿ ಪರದೆ ತೆಗೆದು ಫಲಕ ಹಾಕಿದರು: ಇದು ನಡೆದದ್ದಲ್ಲ, ನಡೆಯಲು ಸಾಧ್ಯವೂ ಇರಲಿಲ್ಲ, ಇಂಥ ಆರೋಪಗಳಿಂದ ಯಹೂದಿಗಳ ಪ್ರಾಣ ಹೋಗಿದೆ ಎಂದು. ಪರದೆಗಿಂತ ಫಲಕ ಮೇಲು ಎಂದೇ ನಮ್ಮ ಅಭಿಪ್ರಾಯ. ಮುಚ್ಚಿಟ್ಟ ಸುಳ್ಳಿಗೆ ಕುತೂಹಲದ ಬಲ ಬರುತ್ತದೆ. ಆದರೂ ಚಿತ್ರ ಕಣ್ಣಿಗೆ ನೇರ ತಾಗುತ್ತದೆ, ಫಲಕವನ್ನು ನಿಂತು ಓದಬೇಕು. ಈ ಅಂತರವನ್ನು ಯಾವ ಫಲಕವೂ ಪೂರ್ತಿ ತುಂಬಲಾರದು.

ಚೌಕದ ಸಮೀಪ ಯಹೂದಿಗಳ ಹೆಸರಿನ ಬೀದಿ ಇದೆ. ಅವರ ಪ್ರಾರ್ಥನಾ ಮಂದಿರದ ಕಟ್ಟಡವೂ ಉಳಿದಿದೆ. ಆದರೆ ಅಲ್ಲಿ ಪ್ರಾರ್ಥಿಸುತ್ತಿದ್ದವರನ್ನು 1942-43ರಲ್ಲಿ ನಾಜಿಗಳು ಸಾವಿನ ಶಿಬಿರಗಳಿಗೆ ಸಾಗಿಸಿದರು. ಫಲಕ ಬಂದದ್ದು ಅದಾಗಿ 70 ವರ್ಷ ಕಳೆದ ಮೇಲೆ. ಅದನ್ನು ಮೊದಲು ಓದಬೇಕಿದ್ದವರು ಆ ಬೀದಿಯಲ್ಲಿ ಇರಲಿಲ್ಲ.

ಚೌಕ ನೋಡಲು ಹೋದವರು ಕೆಥೆಡ್ರಲ್‌ಗೂ ಹೋಗಲಿ. ಚಿತ್ರಕ್ಕಿಂತ ಮೊದಲು ಫಲಕ ಓದಲಿ.