ವಾಲ್ವ್ ತುಂಬುವ ಸ್ವರ

ಹಳೆಯ ವಾಲ್ವ್ ರೇಡಿಯೋದಲ್ಲಿ ಹಾಡು ಕೇಳಿದವರು ಇಂದಿಗೂ ‘ದನಿ ಎಷ್ಟು ತುಂಬಿಕೊಂಡಿರುತ್ತಿತ್ತು’ ಎನ್ನುತ್ತಾರೆ. ಆ ಮಾತು ಅಕ್ಷರಶಃ ನಿಜ. ಹಾಡಿದವರು ಹಾಡದೆ ಬಿಟ್ಟದ್ದನ್ನು ವಾಲ್ವ್ ತಾನೇ ತುಂಬುತ್ತದೆ. ಆ ಇಂಪಿಗೆ ನಾನೂ ಸೋತವನೇ; ಆದರೆ ಅದನ್ನು ಮೂಲಕ್ಕೆ ನಿಷ್ಠೆ ಎಂದು ಕರೆದರೆ ಒಪ್ಪಲಾರೆ.

ಒಂದೇ ವಾಲ್ವಿನ ಬಲದಿಂದ ಸ್ಪೀಕರ್ ನಡೆಸುವ ‘ಸಿಂಗಲ್ ಎಂಡೆಡ್’ ಆಂಪ್ಲಿಫೈಯರ್‌ನಲ್ಲಿ ಇದು ಎದ್ದು ಕೇಳುತ್ತದೆ. ವೆಸ್ಟರ್ನ್ ಎಲೆಕ್ಟ್ರಿಕ್ 1930ರ ದಶಕದಲ್ಲಿ ತಂದ 300ಬಿ ಟ್ರಯೋಡ್ ಈ ಬಗೆಗೆ ಹೆಸರಾದದ್ದು. ಒಂದರಿಂದ ಸಿಗುವುದು ಸುಮಾರು 8 ವಾಟ್. ದನಿಯ ಸಂಕೇತ ಒಳಬರುವ ಗ್ರಿಡ್ಡಿನ ವೋಲ್ಟೇಜ್ ಏರಿಳಿದಷ್ಟೇ ಪ್ರಮಾಣದಲ್ಲಿ ವಾಲ್ವಿನ ಕರೆಂಟು ಏರಿಳಿಯುವುದಿಲ್ಲ. ಅಲೆಯ ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಹಾಗಾಗಿ 240 ಹರ್ಟ್ಸ್‌ನ ಷಡ್ಜ ಒಳಹೋದರೆ 480ರ ತಾರಷಡ್ಜವೂ ಸಣ್ಣಗೆ ಬೆರೆತು ಹೊರಬರುತ್ತದೆ. ಅದರ ಹಿಂದೆ, ಇನ್ನೂ ಸಣ್ಣಗೆ, 720ರ ಪಂಚಮ. ತಂಬೂರಿಯ ಒಂದು ತಂತಿಯೂ ಇವೇ ಸ್ವರಗಳನ್ನು ಎಬ್ಬಿಸುವುದರಿಂದ ಬೆರಕೆ ನಮ್ಮ ಕಿವಿಗೆ ಬೆರಕೆ ಅನ್ನಿಸುವುದೇ ಇಲ್ಲ.

ಎರಡು ಸ್ವರ ಒಟ್ಟಿಗೆ ನುಡಿದಾಗ ಪರೀಕ್ಷೆ. ವಾಲ್ವ್ ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. 240ರ ಷಡ್ಜದ ಜೊತೆ 360ರ ಪಂಚಮ ಬಂದರೆ ಹುಟ್ಟುವವು 120 ಮತ್ತು 600: ಒಂದು ಮಂದ್ರ ಷಡ್ಜ, ಇನ್ನೊಂದು ತಾರದ ಅಂತರ ಗಾಂಧಾರ. ಎಂಥ ಸೊಗಸು! ಅದೇ ಷಡ್ಜದ ಜೊತೆ 450ರ ಕಾಕಲಿ ನಿಷಾದ ನುಡಿಯಲಿ, ಹುಟ್ಟುವ 210 ಮತ್ತು 690 ಯಾವ ಸ್ವರಸ್ಥಾನದಲ್ಲೂ ನೆಟ್ಟಗೆ ಕೂರುವುದಿಲ್ಲ. ಒಂಟಿ ವೀಣೆಗೆ, ಒಂಟಿ ಕಂಠಕ್ಕೆ ಕಳೆ ಕಟ್ಟುವ ಆಂಪ್ಲಿಫೈಯರ್ ಐವತ್ತು ವಾದ್ಯಗಳ ಮೇಳ ಬಂದಾಗ ರಾಡಿಯಾಗುವುದು ಇದರಿಂದಲೇ. ಕೊಳ್ಳುವವರ ಮುಂದೆ ಒಂಟಿ ಗಾಯನವನ್ನಷ್ಟೇ ಹಾಕಿ ತೋರಿಸುವುದು ಅನ್ಯಾಯ.

ಮೆಚ್ಚುಗೆಯೆಲ್ಲ ಹೊಳೆಯುವ ಗಾಜಿಗೇ ಸಲ್ಲುವುದೂ ಸರಿಯಲ್ಲ. ಹೊರಬಂದ ಸಂಕೇತದ ಒಂದಂಶವನ್ನು ಮರಳಿ ಒಳಕ್ಕೆ ಕೊಟ್ಟು ತಪ್ಪು ತಿದ್ದುವ ಫೀಡ್‌ಬ್ಯಾಕ್ ಇಲ್ಲದ ವಾಲ್ವ್ ಸೆಟ್ಟಿಗೆ ಸ್ಪೀಕರಿನ ಮೇಲೆ ಹಿಡಿತ ಕಡಿಮೆ. 8 ಓಮ್ ಎಂದು ಬರೆದಿರುವ ಸ್ಪೀಕರಿನ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ತಡೆ ಏರಿದ ಕಡೆ ದನಿಯೂ ಉಬ್ಬುತ್ತದೆ. ದುಂಡನೆಯ ಮಂದ್ರ ಎನ್ನುವುದರಲ್ಲಿ ಬಹುಪಾಲು ಇದೇ. 1947ರಲ್ಲಿ ಬ್ರಿಟನ್ನಿನ ಎಂಜಿನಿಯರ್ ವಿಲಿಯಮ್ಸನ್ ಪ್ರಕಟಿಸಿದ 15 ವಾಟ್ ಆಂಪ್ಲಿಫೈಯರ್‌ನಲ್ಲಿ ಇದ್ದದ್ದೂ ವಾಲ್ವುಗಳೇ. ಆದರೆ ಜೋಡಿ ಕೆಟಿ66 ವಾಲ್ವು, ಒಳ್ಳೆಯ ಟ್ರಾನ್ಸ್‌ಫಾರ್ಮರ್, ಧಾರಾಳ ಫೀಡ್‌ಬ್ಯಾಕ್ ಸೇರಿ ವಿಕೃತಿಯನ್ನು ಶೇಕಡಾ 0.1ಕ್ಕೆ ಇಳಿಸಿದ್ದವು. 1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಇದರ ಇನ್ನೊಂದು ಮುಖ ತೋರಿಸಿದರು. ‘ಸ್ಟೀರಿಯೋಫೈಲ್’ ಪತ್ರಿಕೆಯ ಸವಾಲು ಸ್ವೀಕರಿಸಿ ತಮ್ಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ದುಬಾರಿ ವಾಲ್ವ್ ಆಂಪ್ಲಿಫೈಯರಿನಂತೆ ತಿದ್ದಿದರು. ಕೇಳಿದ ಸಂಪಾದಕರಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ.

ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ ಒಂದು ಕಾಲಕ್ಕೆ ತಯಾರಿಸಿದ ವಾಲ್ವುಗಳ ಹಳೆ ದಾಸ್ತಾನನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಅವುಗಳ ಮೇಲೆ ನನಗೂ ಅಭಿಮಾನವಿದೆ. ಆದರೆ ವಾಲ್ವ್ ಬದಲಿಸುವ ಮುನ್ನ ಟ್ರಾನ್ಸ್‌ಫಾರ್ಮರ್ ಎಂಥದ್ದು, ಸ್ಪೀಕರ್ ಎಂಥದ್ದು ಎಂದು ವಿಚಾರಿಸುವುದು ಮೇಲು.

ನನ್ನ ಪೂರ್ತಿ ಮೆಚ್ಚುಗೆ ಗಿಟಾರ್ ಆಂಪ್ಲಿಫೈಯರ್‌ನ ವಾಲ್ವಿಗೆ. ಅಲ್ಲಿ ಅದು ನುಡಿಸುವವರ ಕಡೆಗಿದೆ. ತಂತಿಯನ್ನು ಮೆಲ್ಲಗೆ ಮೀಟಿದರೆ ದನಿ ತಿಳಿಯಾಗಿ ಬರುತ್ತದೆ. ಬೆರಳು ಬಿಗಿದಷ್ಟೂ ಅಲೆಯ ನೆತ್ತಿ ಸವೆಯುತ್ತ, ದನಿ ಒರಟಾಗುತ್ತ, ಸ್ವರ ಉದ್ದಕ್ಕೆ ನಿಲ್ಲುತ್ತದೆ. ಆ ಒರಟು ಎಲ್ಲಿ, ಎಷ್ಟು ಎಂದು ತೀರ್ಮಾನಿಸುವುದು ನುಡಿಸುವವರ ಬೆರಳು.